ಕಾಡತೂಸಿನ ಉದ್ದ: ಚೇಂಬರಿಗೆ ಹೊಕ್ಕಿತೆಂದರೆ ಸಾಲದು

ಕಾಡತೂಸಿಗೆ ನಾಲ್ಕು ಭಾಗ: ಹೊರಗಿನ ಕೇಸು, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಬಿಗಿದ ಗುಂಡು. ಚರೆ ಬಂದೂಕಿನ ಕಾಡತೂಸಾದರೆ ಗುಂಡಿನ ಬದಲು ಚರೆ ಇರುತ್ತದೆ, ಮದ್ದು ಮತ್ತು ಚರೆಗಳ ನಡುವೆ ವ್ಯಾಡ್ ಇರುತ್ತದೆ. ಅಂಗಡಿಯಲ್ಲಿ ಕಾಡತೂಸು ಕೊಳ್ಳುವವರು ಬೋರು ಕೇಳುತ್ತಾರೆ, ಚರೆಯ ನಂಬರು ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಕೇಸಿನ ಉದ್ದ ಎಷ್ಟು ಎಂದು ಕೇಳುವವರು ಅಪರೂಪ. ಗುಂಡು ಹಾರುವ ಕ್ಷಣದಲ್ಲಿ ಹಾರಿಸುವವನ ಕೈ ಮತ್ತು ಕಣ್ಣು ಉಳಿಯುವುದು ಮಾತ್ರ ಬಹುಪಾಲು ಈ ಉದ್ದದ ಮೇಲೆಯೇ ನಿಂತಿದೆ.

ಕುದುರೆ ಎಳೆದಾಗ ಪಿನ್ನು ಪ್ರೈಮರಿಗೆ ಬಡಿಯುತ್ತದೆ, ಮದ್ದು ಹೊತ್ತುತ್ತದೆ, ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಅಪಾರ ಅನಿಲ ಹುಟ್ಟುತ್ತದೆ. 9 ಮಿ.ಮೀ. ಪಿಸ್ತೂಲಿನ ಕಾಡತೂಸಿಗೆ ಯುರೋಪಿನ ಸಿಐಪಿ ಸಂಸ್ಥೆ ಗೊತ್ತುಮಾಡಿದ ಗರಿಷ್ಠ ಒತ್ತಡ 2,350 ಬಾರ್. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿ ಸಾಮಾನ್ಯವಾಗಿ ಎರಡೂವರೆ ಬಾರ್ ಮೀರುವುದಿಲ್ಲ ಎಂಬುದನ್ನು ನೆನೆದರೆ ಈ ಬಲದ ಅಂದಾಜು ಸಿಕ್ಕೀತು. ಇಷ್ಟು ಒತ್ತಡಕ್ಕೆ ತೆಳುವಾದ ಹಿತ್ತಾಳೆ ಕೇಸು ಒಂಟಿಯಾಗಿ ತಡೆಯಲಾರದು. ಅದು ಉಬ್ಬಿ, ತಾನು ಕೂತಿರುವ ಚೇಂಬರಿನ ಉಕ್ಕಿನ ಗೋಡೆಗೆ ಅಂಟಿಕೊಳ್ಳುತ್ತದೆ. ಹಿಂಬದಿಯಿಂದ ಅನಿಲ ಸೋರದಂತೆ ಮುಚ್ಚುವುದು ಅದರ ಕೆಲಸ, ಭಾರ ಹೊರುವುದು ಉಕ್ಕಿನ ಕೆಲಸ. ಈ ಹೊಂದಾಣಿಕೆ ನಡೆಯಬೇಕಾದರೆ ಕೇಸು ಮತ್ತು ಚೇಂಬರು ಒಂದಕ್ಕೊಂದು ಅಳತೆಗೆ ತಕ್ಕಂತಿರಬೇಕು.

ಕೇಸು ಎಲ್ಲಿ ತಡೆದು ನಿಲ್ಲುತ್ತದೆ

ಚೇಂಬರಿನೊಳಗೆ ಜಾರಿದ ಕಾಡತೂಸು ಎಲ್ಲೋ ಒಂದು ಕಡೆ ತಡೆದು ನಿಲ್ಲಬೇಕು. ಅದು ನಿಲ್ಲುವ ಜಾಗಕ್ಕೂ ಹಿಂದಿನ ಬೋಲ್ಟಿನ ಮುಖಕ್ಕೂ ಇರುವ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ತಡೆಯುವ ವಿಧಾನ ಎಲ್ಲ ಕಾಡತೂಸುಗಳಿಗೂ ಒಂದೇ ಅಲ್ಲ. ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯು ಲಾಂಗ್, .38 ಸ್ಪೆಷಲ್ ಮುಂತಾದವಕ್ಕೆ ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಆ ಅಂಚೇ ಸಿಲಿಂಡರಿನ ಹಿಂಬದಿಗೆ ತಾಗಿ ನಿಲ್ಲುತ್ತದೆ. .32 ಎಸಿಪಿ ಪಿಸ್ತೂಲಿನ ಕಾಡತೂಸಿಗೆ ಅರೆ ಅಂಚು, ಅಷ್ಟರಲ್ಲೇ ಅದು ತಡೆಯುತ್ತದೆ. ಹೊರಚಾಚಿದ ಅಂಚಿಲ್ಲದ, ಕತ್ತು ಸಣ್ಣಗಾಗುವ ರೈಫಲ್ ಕಾಡತೂಸುಗಳು ಸಾಮಾನ್ಯವಾಗಿ ಹೆಗಲಿನ ಮೇಲೆ ನಿಲ್ಲುತ್ತವೆ. 9 ಮಿ.ಮೀ. ಮತ್ತು .45 ಎಸಿಪಿ ಕಾಡತೂಸುಗಳಿಗೆ ಹೊರಚಾಚಿದ ಅಂಚೂ ಇಲ್ಲ, ಹೆಗಲೂ ಇಲ್ಲ. ಅವು ನಿಲ್ಲುವುದು ಕೇಸಿನ ಬಾಯಂಚಿನ ಮೇಲೆ. ಚೇಂಬರಿನ ತುದಿಯಲ್ಲಿ ಕೊರೆದ ಸಣ್ಣ ಮೆಟ್ಟಿಲಿಗೆ ಆ ಅಂಚು ತಾಗುತ್ತದೆ.

ಬಾಯಂಚಿನ ಮೇಲೆ ನಿಲ್ಲುವ ಈ ಪಿಸ್ತೂಲ್ ಕಾಡತೂಸುಗಳಲ್ಲಿ ಕೇಸಿನ ಉದ್ದವೇ ಹೆಡ್‌ಸ್ಪೇಸನ್ನು ನಿರ್ಧರಿಸುತ್ತದೆ. 9 ಮಿ.ಮೀ. ಕೇಸಿನ ಗರಿಷ್ಠ ಉದ್ದ 19.15 ಮಿ.ಮೀ., .45 ಎಸಿಪಿಯದ್ದು 22.81 ಮಿ.ಮೀ. ಇವು ದಾಟಬಾರದ ಗೆರೆಗಳು. ತಯಾರಕರು ಗೆರೆಗಿಂತ ಸ್ವಲ್ಪ ಕೆಳಗೇ ಕೇಸು ಕತ್ತರಿಸುತ್ತಾರೆ. ಆಟ ಇರುವುದು ಮಿಲಿಮೀಟರಿನ ಹತ್ತರಲ್ಲಿ ಕೆಲವು ಭಾಗಗಳಷ್ಟು ಮಾತ್ರ.

ಉದ್ದ ಹೆಚ್ಚಾದರೆ, ಕಡಿಮೆಯಾದರೆ

ಕೇಸು ಗೆರೆ ಮೀರಿ ಉದ್ದವಾಗಿದ್ದರೆ ಮೊದಲು ಕಾಣುವುದು ಪಿಸ್ತೂಲಿನ ಸ್ಲೈಡು ಪೂರ್ತಿ ಮುಚ್ಚದಿರುವುದು. ಅದನ್ನು ಅಂಗೈಯಿಂದ ತಳ್ಳಿ ಮುಚ್ಚಿಸಿದರೆ ಅಪಾಯ ಇನ್ನೂ ಹೆಚ್ಚು. ಬಾಯಂಚು ಚೇಂಬರಿನ ಮೆಟ್ಟಿಲಿಗೆ ಒತ್ತಿ, ಗುಂಡನ್ನು ಹಿಡಿದುಕೊಂಡಂತಾಗುತ್ತದೆ. ಬಾಯಿ ಅಗಲವಾಗಿ ಗುಂಡನ್ನು ಬಿಟ್ಟುಕೊಡಬೇಕಾದ ಹೊತ್ತಿನಲ್ಲಿ ಜಾಗವೇ ಇರುವುದಿಲ್ಲ. ಗುಂಡು ಹೊರಡಲು ತಡವಾದಷ್ಟೂ ಒಳಗಿನ ಒತ್ತಡ ಏರುತ್ತದೆ.

ಕೇಸು ಗಿಡ್ಡವಾಗಿದ್ದರೆ ಬಾಯಂಚು ಮೆಟ್ಟಿಲು ಮುಟ್ಟುವುದಿಲ್ಲ. ಆಗ ಕಾಡತೂಸು, ಖಾಲಿ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರಿನ ಕೊಕ್ಕೆಯಲ್ಲಿ ತೂಗಾಡುತ್ತಾ ನಿಲ್ಲುತ್ತದೆ. ಪಿನ್ನು ಬಡಿದಾಗ ಕಾಡತೂಸೇ ಮುಂದಕ್ಕೆ ಸರಿದು ಪೆಟ್ಟು ಹಗುರಾಗಬಹುದು, ಗುಂಡು ಹಾರದೆ ಉಳಿಯಬಹುದು. ಹಾರಿದರೂ ಒಂದೊಂದು ಗುಂಡು ಒಂದೊಂದು ರೀತಿ ಬಡಿಯುತ್ತದೆ.

ಮೂರನೆಯ ತೊಂದರೆ ಕಣ್ಣಿಗೆ ಬೀಳುವುದು ಕಷ್ಟ: ಒಂದೇ ಕಂತಿನ ಕೇಸುಗಳ ಉದ್ದ ಒಂದಕ್ಕೊಂದು ಹೊಂದದಿರುವುದು. ಗುಂಡು ಕೂರಿಸಿದ ಮೇಲೆ ಕೇಸಿನ ಬಾಯಿಯನ್ನು ಒಳಕ್ಕೆ ಬಿಗಿಯುವ ಕೆಲಸಕ್ಕೆ ಕ್ರಿಂಪ್ ಎನ್ನುತ್ತಾರೆ. ಯಂತ್ರದ ಅಚ್ಚು ಒಂದೇ ಎತ್ತರಕ್ಕೆ ನಿಂತಿರುತ್ತದೆ. ಉದ್ದದ ಕೇಸು ಬಂದರೆ ಬಿಗಿತ ಅತಿಯಾಗಿ ಕೇಸಿನ ಮೈ ಉಬ್ಬುತ್ತದೆ. ಗಿಡ್ಡದ್ದು ಬಂದರೆ ಬಿಗಿತ ಸಾಲದೆ ಗುಂಡು ಸಡಿಲವಾಗುತ್ತದೆ. ಸಡಿಲ ಗುಂಡು ಮ್ಯಾಗಜೀನಿನಿಂದ ಚೇಂಬರಿಗೆ ಏರುವಾಗ ತಾಕಿ ಕೇಸಿನೊಳಕ್ಕೆ ಕುಸಿಯುತ್ತದೆ. ಮದ್ದು ಇರುವ ಜಾಗ ಅಷ್ಟಕ್ಕೇ ಕಿರಿದಾಗುತ್ತದೆ, ಒತ್ತಡ ಏರುತ್ತದೆ. 9 ಮಿ.ಮೀ.ನಂಥ ಪುಟ್ಟ ಕೇಸಿನಲ್ಲಿ ಗುಂಡು ಒಂದು ಮಿಲಿಮೀಟರ್ ಕುಸಿದರೂ ಪರಿಣಾಮ ದೊಡ್ಡದು.

ಉದ್ದವನ್ನೇ ಕಾವಲಾಗಿ ಬಳಸಿದ ಉದಾಹರಣೆಯೂ ಇದೆ. 1930ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ .357 ಮ್ಯಾಗ್ನಮ್ ಕಾಡತೂಸನ್ನು ರೂಪಿಸಿದಾಗ ಅದರ ಗುಂಡಿನ ವ್ಯಾಸ ಹಳೆಯ .38 ಸ್ಪೆಷಲ್‌ನದ್ದೇ ಆಗಿತ್ತು, ಒತ್ತಡ ಮಾತ್ರ ಬಹಳ ಹೆಚ್ಚು. ಹಳೆಯ ರಿವಾಲ್ವರಿಗೆ ಯಾರೂ ಅದನ್ನು ತುಂಬಬಾರದೆಂದು ಕೇಸನ್ನು ಬೇಕೆಂದೇ ಉದ್ದ ಮಾಡಿದರು: ಹಳೆಯದು 29.34 ಮಿ.ಮೀ., ಹೊಸದು 32.77 ಮಿ.ಮೀ. ಮೂರೂವರೆ ಮಿಲಿಮೀಟರಿಗೆ ತುಸು ಕಡಿಮೆ ಇರುವ ಈ ವ್ಯತ್ಯಾಸದಿಂದ ಹೊಸ ಕಾಡತೂಸು ಹಳೆಯ ಸಿಲಿಂಡರಿನಲ್ಲಿ ಪೂರ್ತಿ ಇಳಿಯುವುದಿಲ್ಲ. ಎಲ್ಲ ಕಾಡತೂಸುಗಳೂ ಹೀಗೆ ತಾವಾಗಿ ತಡೆದು ನಿಲ್ಲುವಂತಿದ್ದರೆ ಅಳೆಯುವ ಗೋಜೇ ಇರುತ್ತಿರಲಿಲ್ಲ. ಹಾಗಿಲ್ಲದ ಕಾಡತೂಸೊಂದು ನಮ್ಮ ಸುತ್ತಲೇ ಬಳಕೆಯಲ್ಲಿದೆ. ಅದರ ಮಾತು ಮುಂದೆ ಬರುತ್ತದೆ.

ಅಳೆಯುವ ಕ್ರಮ

ಹಾರಿಸಿದ ಕೇಸನ್ನು ಮತ್ತೆ ತುಂಬಲು ಕಾನೂನು ಅವಕಾಶ ಕೊಟ್ಟಿರುವ ದೇಶಗಳಲ್ಲಿ ಅಳತೆಗೆ ಒಂದು ಗೊತ್ತಾದ ಸ್ಥಾನವಿದೆ. ಹಾರಿದ ಕೇಸು ಉಬ್ಬಿರುತ್ತದೆ. ಅದನ್ನು ಒರೆಸಿ, ಬಿರುಕು ಇದೆಯೇ ನೋಡಿ, ಅಚ್ಚಿನೊಳಗೆ ಒತ್ತಿ ಮೊದಲಿನ ಗಾತ್ರಕ್ಕೆ ತರುತ್ತಾರೆ. ಒತ್ತುವಾಗ ಲೋಹ ಸರಿಯುವುದರಿಂದ ಉದ್ದವೂ ಬದಲಾಗುತ್ತದೆ. ಆದ್ದರಿಂದ ಅಳೆಯಬೇಕಾದ್ದು ಅಚ್ಚಿಗೆ ಹಾಕಿದ ಮೇಲೆ. ಅದಕ್ಕೂ ಮೊದಲಿನ ಅಳತೆ ಲೆಕ್ಕಕ್ಕೆ ಬರುವುದಿಲ್ಲ.

ಬೆಳಗಾವಿಯವರಿಗೆ ಈ ಕೆಲಸದ ಸಲಕರಣೆ ಹೊಸದಲ್ಲ. ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ, ಮಚ್ಛೆಯ ಮಷೀನ್ ಶಾಪುಗಳಲ್ಲಿ ದಿನವಿಡೀ ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರೇ ಇಲ್ಲಿಯೂ ಬೇಕಾದ್ದು. ದವಡೆಗಳನ್ನು ಒರೆಸಿ ಮುಚ್ಚಿ ಸೊನ್ನೆ ಸರಿಯಾಗಿದೆಯೇ ನೋಡುವುದು ಮೊದಲ ಹೆಜ್ಜೆ. ಕೇಸಿನ ಬುಡ ಒಂದು ದವಡೆಗೆ ಸಪಾಟಾಗಿ ಕೂತು, ಬಾಯಂಚು ಇನ್ನೊಂದನ್ನು ಹಗುರವಾಗಿ ಮುಟ್ಟಬೇಕು; ಕೇಸನ್ನು ತುಸು ತಿರುಗಿಸಿ ಎರಡು ಮೂರು ಕಡೆ ನೋಡಬೇಕು, ಏಕೆಂದರೆ ಬಾಯಂಚು ಓರೆಯಾಗಿದ್ದರೆ ಒಂದೊಂದು ಕಡೆ ಒಂದೊಂದು ಅಂಕಿ ಬರುತ್ತದೆ. ಬುಡದಲ್ಲಿ ಪ್ರೈಮರ್ ಉಬ್ಬಿ ನಿಂತಿದ್ದರೆ ಅದೂ ಅಳತೆಯಲ್ಲಿ ಸೇರಿ ಮೋಸವಾಗುತ್ತದೆ.

ಕೇಸುಗಳ ಸಂಖ್ಯೆ ಹೆಚ್ಚಿದ್ದರೆ ಗೋ, ನೋ-ಗೋ ಗೇಜಿನ ತತ್ತ್ವ ಬಳಕೆಗೆ ಬರುತ್ತದೆ. ಕಾರ್ಖಾನೆಯಲ್ಲಿ ಗೇಜಿನ ಒಂದು ತುದಿ ರಂಧ್ರಕ್ಕೆ ಹೊಗಬೇಕು, ಇನ್ನೊಂದು ತುದಿ ಹೊಗಬಾರದು ಎಂದು ನೋಡುವ ಹಾಗೆಯೇ, ಕೇಸಿಗೂ ಚೇಂಬರಿನ ಅಳತೆಗೆ ಕೊರೆದ ಉಕ್ಕಿನ ಗೇಜು ಇದೆ. ಕೇಸಿನ ಬುಡ ಗೇಜಿನ ಎರಡು ಮೆಟ್ಟಿಲುಗಳ ನಡುವೆ ನಿಂತರೆ ಅದು ಸರಿ. ಮೇಲೆ ಚಾಚಿದರೆ ಉದ್ದ ಹೆಚ್ಚು, ಒಳಗೆ ಮುಳುಗಿದರೆ ಕಡಿಮೆ.

ರೈಫಲಿನ ಕತ್ತು ಇರುವ ಕೇಸುಗಳು ಪ್ರತಿ ಸಲ ಹಾರಿಸಿದಾಗಲೂ ಸ್ವಲ್ಪ ಬೆಳೆಯುತ್ತವೆ, ಅವನ್ನು ಕತ್ತರಿಸಿ ಸರಿಮಾಡುವುದು ವಾಡಿಕೆ. ಪಿಸ್ತೂಲಿನ ನೇರ ಕೇಸುಗಳು ಅಷ್ಟು ಬೆಳೆಯುವುದಿಲ್ಲ. ಕೆಲವು ಬರಬರುತ್ತಾ ಗಿಡ್ಡವೇ ಆಗುತ್ತವೆ. ಹಾಗೆಂದು ಅಳೆಯುವುದನ್ನು ಬಿಡುವಂತಿಲ್ಲ. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ವರ್ಷದ ಕೇಸುಗಳು ಒಟ್ಟುಗೂಡಿದಾಗ ವ್ಯತ್ಯಾಸ ಬಂದೇ ಬರುತ್ತದೆ. ಬುಡದ ಮುದ್ರೆ ನೋಡಿ ವಿಂಗಡಿಸುವುದು, ಗೆರೆ ಮೀರಿದ್ದನ್ನೂ ತೀರ ಗಿಡ್ಡವಾದದ್ದನ್ನೂ ಬೇರೆ ತೆಗೆಯುವುದು, ಬಾಯಿ ಸೀಳಿದ್ದನ್ನು ಜಜ್ಜಿ ಎಸೆಯುವುದು, ಈ ಮೂರೂ ಅಳತೆಯ ಕೆಲಸದ ಭಾಗಗಳೇ. ಶಾಲಾ ಕಾಲೇಜಿನ ಎನ್‌ಸಿಸಿ ಕೆಡೆಟ್‌ಗಳು ಬಳಸುವ .22 ಕಾಡತೂಸಿಗೆ ಈ ಮಾತು ಅನ್ವಯಿಸುವುದಿಲ್ಲ. ಅದರ ಸಿಡಿಮದ್ದು ಕೇಸಿನ ಅಂಚಿನೊಳಗೇ ಇರುವುದರಿಂದ ಒಮ್ಮೆ ಹಾರಿದರೆ ಅದರ ಕೆಲಸ ಮುಗಿಯಿತು.

ಕಾನೂನು ಏನೆನ್ನುತ್ತದೆ

ಭಾರತದಲ್ಲಿ ಮನೆಯಲ್ಲಿ ಕೂತು ಕೇಸು ತುಂಬುವುದು ಹವ್ಯಾಸದ ಮಾತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು. ಅದೇ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆ ವಿಶಾಲವಾಗಿದೆ. ಕಾಡತೂಸಿನ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಅದರೊಳಗೇ ಬರುತ್ತವೆ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡತೂಸು ತಯಾರಿಸುವ ಹಕ್ಕು ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸದ ಶಿಕ್ಷೆ ಇದೆ.

9 ಮಿ.ಮೀ. ಪಿಸ್ತೂಲು ನಮ್ಮಲ್ಲಿ ಸೇನೆ ಮತ್ತು ಪೊಲೀಸರ ಆಯುಧ, ನಾಗರಿಕರಿಗೆ ನಿಷಿದ್ಧ ಬೋರ್. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರಿನಲ್ಲಾಗಲಿ, ಖಾನಾಪುರದ ಪೊಲೀಸ್ ತರಬೇತಿ ಶಾಲೆಯಲ್ಲಾಗಲಿ ಅಭ್ಯಾಸಕ್ಕೆ ಬಳಸುವುದು ಸರ್ಕಾರದಿಂದ ಬಂದ ಹೊಸ ಕಾಡತೂಸುಗಳನ್ನು. ನಾಗರಿಕರು ಆತ್ಮರಕ್ಷಣೆಗೆ ಇಟ್ಟುಕೊಳ್ಳುವ ಪಿಸ್ತೂಲು, ರಿವಾಲ್ವರುಗಳು ಹೆಚ್ಚಾಗಿ .32 ಬೋರಿನವು. ಇಲ್ಲಿಯೂ ಒಂದು ಎಚ್ಚರ ಬೇಕು. ಪಿಸ್ತೂಲಿನ .32 ಎಸಿಪಿ ಕೇಸು 17.27 ಮಿ.ಮೀ., ರಿವಾಲ್ವರಿನ .32 ಲಾಂಗ್ ಕೇಸು 23.37 ಮಿ.ಮೀ. ಎರಡಕ್ಕೂ ಬಾಯಿಮಾತಿನಲ್ಲಿ ‘ಬತ್ತೀಸ್ ಬೋರ್’ ಎಂದೇ ಹೆಸರು, ಆದರೆ ಒಂದರ ಜಾಗಕ್ಕೆ ಇನ್ನೊಂದು ಬರಕೂಡದು. ಲೈಸೆನ್ಸಿನಲ್ಲಿ, ಆಯುಧದ ಮೇಲೆ ಮತ್ತು ಕಾಡತೂಸಿನ ಪೆಟ್ಟಿಗೆಯ ಮೇಲೆ ಇರುವ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು.

ಹೀಗಾಗಿ ಈ ಭಾಗದ ಲೈಸೆನ್ಸುದಾರರಿಗೆ ಉದ್ದದ ಪ್ರಶ್ನೆ ಎದುರಾಗುವುದು ಕೇಸು ತುಂಬುವಾಗ ಅಲ್ಲ, ಕಾಡತೂಸು ಆರಿಸುವಾಗ. ಅದರಲ್ಲೂ ಬೆಳೆ ಕಾಯುವ ಹನ್ನೆರಡು ಬೋರಿನ ಬಂದೂಕಿನಲ್ಲಿ ಆ ಪ್ರಶ್ನೆ ತೀರ ಗಂಭೀರ.

ಖಾನಾಪುರದ ಹೊಲಗಳಲ್ಲಿ

ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ ಖಾನಾಪುರ. ಅಲ್ಲಿಂದ ಪಶ್ಚಿಮಕ್ಕೂ ದಕ್ಷಿಣಕ್ಕೂ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ, ನಾಗರಗಾಳಿ ಕಡೆಗೆ ಹೋದಂತೆ ಭತ್ತದ ಗದ್ದೆಗಳು ಕಾಡಿನ ಅಂಚಿಗೆ ತಾಗಿಕೊಳ್ಳುತ್ತವೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಮಹಾದಾಯಿಯ ಮೂಲವಿರುವ ಭೀಮಗಡದ ಕಾಡು ಎರಡೂ ಇದೇ ತಾಲೂಕಿನವು. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಯ ಹಿಂಡು, ಕಾಡುಕೋಣ, ಕೆಲವು ವರ್ಷ ದಾಂಡೇಲಿ ಕಡೆಯಿಂದ ಬರುವ ಆನೆ ಗದ್ದೆಗೆ ನುಗ್ಗುತ್ತವೆ. ಒಂದು ರಾತ್ರಿಯಲ್ಲಿ ವರ್ಷದ ಅನ್ನ ಮಣ್ಣುಪಾಲಾಗುವ ರೈತನ ಸಂಕಟ ಸಣ್ಣದಲ್ಲ. ಇಂಥವರಿಗಾಗಿಯೇ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಲು ಅವಕಾಶ ಮಾಡಿದೆ: ಮೊದಲು ಬಾಯಿಯಿಂದ ಮದ್ದು ತುಂಬುವ ಬಂದೂಕು, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಕನಿಷ್ಠ 20 ಇಂಚು ನಳಿಗೆಯ ನಯವಾದ ಬೋರಿನ ಬಂದೂಕು. ಬೆಳಗಾವಿ ನಗರದಲ್ಲಿ ಈ ಲೈಸೆನ್ಸ್ ಕೊಡುವವರು ಪೊಲೀಸ್ ಆಯುಕ್ತರು, ಖಾನಾಪುರದವರಿಗೆ ಜಿಲ್ಲಾಧಿಕಾರಿ.

ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ ಹನ್ನೆರಡು ಬೋರಿನ ಬಂದೂಕು ಹಲವು ಮನೆಗಳಲ್ಲಿ ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದಿರುವುದುಂಟು. ಬಂದೂಕು ಹಳೆಯದು, ಅಂಗಡಿಯಲ್ಲಿ ಸಿಗುವ ಕಾಡತೂಸು ಹೊಸದು. ಅಪಾಯ ಹುಟ್ಟುವುದು ಈ ಎರಡರ ನಡುವೆ.

65 ಮತ್ತು 70

ಹನ್ನೆರಡು ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದು ಗುಂಡಿನ ವ್ಯಾಸ, ಸುಮಾರು 18.5 ಮಿ.ಮೀ. ಇದು ನಳಿಗೆಯ ಅಗಲವನ್ನಷ್ಟೇ ಹೇಳುತ್ತದೆ, ಚೇಂಬರಿನ ಉದ್ದವನ್ನು ಹೇಳುವುದಿಲ್ಲ. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರು ಸಾಮಾನ್ಯವಾಗಿ ಎರಡೂವರೆ ಇಂಚಿನದು. ಕಾಡತೂಸಿನ ಲೆಕ್ಕದಲ್ಲಿ ಅದಕ್ಕೆ 65 ಮಿ.ಮೀ. ಎನ್ನುತ್ತಾರೆ. ಆಮೇಲಿನ ಬಂದೂಕುಗಳು ಎರಡೂ ಮುಕ್ಕಾಲು ಇಂಚಿನವು, ಅಂದರೆ 70 ಮಿ.ಮೀ. ಮೂರು ಇಂಚಿನ 76 ಮಿ.ಮೀ. ಚೇಂಬರುಗಳೂ ಇವೆ.

ಪೆಟ್ಟಿಗೆಯ ಮೇಲೆ ಬರೆದ 65 ಅಥವಾ 70 ಎಂಬ ಅಂಕಿ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೇಸಿನ ಉದ್ದ. ತುಂಬಿದ ಕಾಡತೂಸಿನ ಬಾಯಿ ಮಡಿಚಿಕೊಂಡಿರುತ್ತದೆ. 70ರ ಪ್ಲಾಸ್ಟಿಕ್ ಕಾಡತೂಸಿನ ಬಾಯನ್ನು ನಕ್ಷತ್ರದ ಆಕಾರದಲ್ಲಿ ಮಡಿಚಿದಾಗ ಒಟ್ಟು ಉದ್ದ 60 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. 65ರ ಕಾಡತೂಸಿನ ಬಾಯಿಯನ್ನು ಹಳೆಯ ರೀತಿಯಲ್ಲಿ ಒಳಕ್ಕೆ ಸುರುಳಿ ಸುತ್ತಿದಾಗಲೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಯಾವುದು ಯಾವುದೆಂದು ಕಣ್ಣಿಗೆ ಗೊತ್ತಾಗದಷ್ಟು ಹತ್ತಿರ. 65ರ ಚೇಂಬರಿಗೆ 70ರ ಕಾಡತೂಸು ಸಲೀಸಾಗಿ ಹೊಗುತ್ತದೆ, ಬಂದೂಕು ಟಕ್ಕೆಂದು ಮುಚ್ಚುತ್ತದೆ, ಕೈಗೆ ಯಾವ ತಡೆಯೂ ಹತ್ತುವುದಿಲ್ಲ. .357 ಮ್ಯಾಗ್ನಮ್‌ನಲ್ಲಿದ್ದ ಕಾವಲು ಇಲ್ಲಿ ಇಲ್ಲ.

ತೊಂದರೆ ಶುರುವಾಗುವುದು ಹಾರಿಸಿದ ಮೇಲೆ. ಚೇಂಬರು ಮುಗಿದ ಜಾಗದಿಂದ ನಳಿಗೆ ಇಳಿಜಾರಾಗಿ ಕಿರಿದಾಗುತ್ತದೆ. ಚೇಂಬರಿನ ಅಗಲ 20 ಮಿ.ಮೀ.ಗೂ ಮೇಲೆ, ನಳಿಗೆಯ ಅಗಲ ಹದಿನೆಂಟೂವರೆ. 70ರ ಕೇಸಿನ ಮಡಿಕೆ ಬಿಚ್ಚಿಕೊಳ್ಳುವಾಗ ಅದರ ಕೊನೆಯ ಐದು ಮಿಲಿಮೀಟರಿಗೆ ಚೇಂಬರಿನಲ್ಲಿ ಜಾಗವಿರುವುದಿಲ್ಲ. ಅದು ಇಳಿಜಾರಿನೊಳಗೆ ಚಾಚಿಕೊಂಡು, ಮೊದಲೇ ಕಿರಿದಾಗುತ್ತಿರುವ ದಾರಿಯನ್ನು ಸುತ್ತಲಿಂದ ಇನ್ನಷ್ಟು ಕಿರಿದಾಗಿಸುತ್ತದೆ. ಮೂವತ್ತು ಗ್ರಾಂಗೂ ಹೆಚ್ಚು ಚರೆ, ವ್ಯಾಡ್, ಹಿಂದಿನಿಂದ ತಳ್ಳುವ ಅನಿಲ ಎಲ್ಲವೂ ಆ ಇಕ್ಕಟ್ಟಿನಲ್ಲೇ ನುಸುಳಬೇಕು. ಒತ್ತಡ ಏರುತ್ತದೆ. ಇದರ ಮೇಲೆ ಇನ್ನೊಂದು ಮಾತಿದೆ: 70ರ ಕಾಡತೂಸಿನಲ್ಲಿ ಮದ್ದು, ಚರೆಗಳ ತೂಕವೇ ಹೆಚ್ಚಿರಬಹುದು, ಹಳೆಯ ಬಂದೂಕನ್ನು ಅಷ್ಟು ಭಾರಕ್ಕೆ ಪರೀಕ್ಷಿಸಿರುವುದಿಲ್ಲ. ಇಂದಿನ ಯುರೋಪಿನ ಮಾನದಂಡದಲ್ಲಿ ಸಾಧಾರಣ ಹನ್ನೆರಡು ಬೋರ್ ಕಾಡತೂಸಿಗೆ 740 ಬಾರ್, ಹೆಚ್ಚು ಬಲದ್ದಕ್ಕೆ 1,050 ಬಾರ್ ಮಿತಿ ಇದೆ. ಎರಡನೆಯದು ತೆಳು ಗೋಡೆಯ ಹಳೆಯ ನಳಿಗೆಗೆ ಸಲ್ಲದು.

ಮೊದಲ ಏಟಿಗೇ ನಳಿಗೆ ಸಿಡಿಯುತ್ತದೆಂದು ಇದರ ಅರ್ಥವಲ್ಲ. ಬಂದೂಕು ಹೆಚ್ಚು ಒದೆಯುತ್ತದೆ, ಕೀಲು ಸಡಿಲವಾಗುತ್ತದೆ, ಮುಚ್ಚಿದಾಗ ನಳಿಗೆ ಅಲುಗುತ್ತದೆ. ಖಾಲಿ ಕೇಸು ಹೊರತೆಗೆದಾಗ ಬಾಯಂಚು ಹರಿದು ಜೂಲುಜೂಲಾಗಿರುತ್ತದೆ ಅಥವಾ ಕರಗಿ ಎಳೆದಂತಿರುತ್ತದೆ. ಇಂಥ ಕೇಸು ಕಂಡ ಕೂಡಲೇ ಹಾರಿಸುವುದನ್ನು ನಿಲ್ಲಿಸಬೇಕು. “ಇಷ್ಟು ವರ್ಷ ಏನೂ ಆಗಿಲ್ಲ” ಎಂಬ ಸಮಾಧಾನ ಅಪಾಯಕಾರಿ. ಲೋಹ ದಣಿಯುವುದು ಹೊರಗೆ ಕಾಣುವುದಿಲ್ಲ.

ತಿರುಗುಮುರುಗಾದರೆ ಅಪಾಯವಿಲ್ಲ. 70ರ ಚೇಂಬರಿಗೆ 65ರ ಕಾಡತೂಸು ಹಾಕಬಹುದು. ಚರೆಯ ಹರವಿನಲ್ಲಿ ಸ್ವಲ್ಪ ವ್ಯತ್ಯಾಸ ಬಂದೀತು, ಅಷ್ಟೇ. ಆದ್ದರಿಂದ ಉದ್ದದ ಮಟ್ಟಿಗೆ ಒಂದೇ ನಿಯಮ ನೆನಪಿಟ್ಟರೆ ಸಾಕು: ಕಾಡತೂಸಿನ ಮೇಲಿನ ಅಂಕಿ ಚೇಂಬರಿನ ಅಂಕಿಗೆ ಸಮವಾಗಿರಬೇಕು, ಇಲ್ಲವೇ ಅದಕ್ಕಿಂತ ಕಡಿಮೆ ಇರಬೇಕು. ಕೆಲವು ತಯಾರಕರು 67 ಮಿ.ಮೀ. ಕೇಸನ್ನು 65ರ ಚೇಂಬರಿಗೆಂದೇ ಮಾಡಿ, ಹಾಗೆಂದು ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ. ಹಾಗೆ ಮುದ್ರಿಸಿದ್ದರೆ ಮಾತ್ರ ಅದಕ್ಕೆ ಒಪ್ಪಿಗೆ.

ನಳಿಗೆಯ ಮೇಲಿನ ಮುದ್ರೆ

ಚೇಂಬರಿನ ಉದ್ದ ಬಂದೂಕಿನ ಮೇಲೆಯೇ ಬರೆದಿರುವುದುಂಟು. ಜೋಡಿ ನಳಿಗೆಯ ಬಂದೂಕನ್ನು ಬಿಚ್ಚಿ, ನಳಿಗೆಗಳನ್ನು ಮಗುಚಿದರೆ ಬುಡದ ಸಪಾಟು ಜಾಗದಲ್ಲಿ ಸಣ್ಣ ಸಣ್ಣ ಮುದ್ರೆಗಳು ಕಾಣುತ್ತವೆ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸಿನಲ್ಲಿ ಹೆಚ್ಚಿನ ಮದ್ದು ಹಾಕಿ ಹಾರಿಸಿ, ತಡೆದುಕೊಂಡ ನಳಿಗೆಗೆ ಒತ್ತಿದ ಗುರುತು ಅವು. 1954ರ ನಿಯಮದ ನಂತರದ ಇಂಗ್ಲಿಷ್ ಬಂದೂಕುಗಳಲ್ಲಿ ಕೇಸಿನ ಉದ್ದ ಇಂಚಿನಲ್ಲೂ, ಒತ್ತಡ ಚದರ ಇಂಚಿಗೆ ಇಷ್ಟು ಟನ್ ಎಂದೂ ಇರುತ್ತದೆ. ಎರಡೂವರೆ ಇಂಚಿನ ಜೊತೆ ಸಾಮಾನ್ಯವಾಗಿ 3 ಟನ್, ಎರಡೂ ಮುಕ್ಕಾಲಿನ ಜೊತೆ ಮೂರೂ ಕಾಲು ಟನ್. ಈಚಿನ ಬಂದೂಕುಗಳಲ್ಲಿ 12/70 ಎಂಬಂತೆ ನೇರವಾಗಿಯೇ ಬರೆದಿರುತ್ತದೆ.

ಮುದ್ರೆ ಸವೆದುಹೋಗಿದ್ದರೆ, ಓದಲು ಬಾರದಿದ್ದರೆ ಚೇಂಬರನ್ನು ಅಳೆಸಬೇಕು. ಮೆಟ್ಟಿಲು ಗೆರೆಗಳಿರುವ ಚೇಂಬರ್ ಗೇಜನ್ನು ಒಳಗೆ ಬಿಟ್ಟಾಗ ಇಳಿಜಾರು ಶುರುವಾಗುವಲ್ಲಿ ಅದು ನಿಲ್ಲುತ್ತದೆ. ಯಾವ ಗೆರೆಯವರೆಗೆ ಹೊಕ್ಕಿತೋ ಅದೇ ಉದ್ದ. ಇದನ್ನು ಮಾಡುವ ಕೈಚಳಕ ಉದ್ಯಮಬಾಗದ ಯಾವ ಫಿಟ್ಟರಿಗಾದರೂ ಇದ್ದೀತು, ಆದರೆ ಬಂದೂಕನ್ನು ಅಲ್ಲಿಗೆ ಒಯ್ಯಕೂಡದು. ಆಯುಧದ ರಿಪೇರಿ, ಪರೀಕ್ಷೆಗಳಿಗೂ 5ನೇ ಸೆಕ್ಷನ್ನಿನ ಲೈಸೆನ್ಸ್ ಬೇಕು. ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರ ಬಳಿಗೇ ಹೋಗಬೇಕು. ನಳಿಗೆಯ ಒಳಗೆ ಗುಳಿ ಬಿದ್ದಿದೆಯೇ, ಗೋಡೆ ತೆಳುವಾಗಿದೆಯೇ, ಕೀಲು ಬಿಗಿಯಾಗಿದೆಯೇ ಎಂಬುದನ್ನೂ ಅವರೇ ನೋಡಿ ಹೇಳಬಲ್ಲರು.

ನಳಿಗೆಯ ಮೈಮೇಲೆ ಹೆಣೆದಂತೆ, ಅಲೆಅಲೆಯಾಗಿ ಗೆರೆ ಕಾಣುತ್ತಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ. ಬಹುತೇಕ ಇಂಥವು ಕರಿಮದ್ದಿನ ಕಾಲದವು. ಅದಕ್ಕೆ ಇಂದಿನ ಹೊಗೆಯಿಲ್ಲದ ಮದ್ದಿನ ಕಾಡತೂಸು ಎಷ್ಟೇ ಉದ್ದದ್ದಾದರೂ ಹಾಕಬಾರದು. ಅದನ್ನು ಹಿರಿಯರ ನೆನಪೆಂದು ಕಾನೂನಿನಂತೆ ಇಟ್ಟುಕೊಳ್ಳಬಹುದು, ಗದ್ದೆಗೆ ಒಯ್ಯುವಂತಿಲ್ಲ.

ಉದ್ದದ ಜೊತೆಗೆ ನೋಡಬೇಕಾದ್ದು

ಅಗಲದಲ್ಲೂ ಒಂದು ಮೋಸವಿದೆ. ಇಪ್ಪತ್ತು ಬೋರಿನ ಕಾಡತೂಸು ಹನ್ನೆರಡು ಬೋರಿನ ಚೇಂಬರಿಗೆ ಬಿದ್ದರೆ ಮುಂದಕ್ಕೆ ಜಾರಿ ಇಳಿಜಾರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ಚೇಂಬರು ಖಾಲಿ. ಅದರ ಹಿಂದೆ ಹನ್ನೆರಡರದ್ದೊಂದು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತು ಬೋರಿನ ಕೇಸಿಗೆ ಹಳದಿ ಬಣ್ಣ ಹಾಕುವ ರೂಢಿ ಬಂದದ್ದು ಇದೇ ಭಯಕ್ಕೆ. ಎರಡು ಬೋರಿನ ಕಾಡತೂಸುಗಳು ಒಂದೇ ಚೀಲದಲ್ಲಿ, ಒಂದೇ ಕಿಸೆಯಲ್ಲಿ ಇರಕೂಡದು.

ಮಳೆಗಾಲದ ಖಾನಾಪುರದಲ್ಲಿ ತೇವ ಇನ್ನೊಂದು ಶತ್ರು. ಹಳೆಯ ಕಾಗದದ ಕೇಸು ನೀರು ಕುಡಿದು ಉಬ್ಬುತ್ತದೆ. ಹಿತ್ತಾಳೆಯ ಬುಡ ಹಸಿರುಗಟ್ಟುತ್ತದೆ, ಮದ್ದು ಮಂದವಾಗುತ್ತದೆ. ಉಬ್ಬಿದ ಕಾಡತೂಸನ್ನು ಹೊಡೆದು ಚೇಂಬರಿಗೆ ಇಳಿಸುವುದು, ಬಿಸಿಲಿಗೆ ಅಥವಾ ಒಲೆಯ ಬಳಿ ಇಟ್ಟು ಒಣಗಿಸುವುದು ಎರಡೂ ಅನಾಹುತಕ್ಕೆ ದಾರಿ. ಕುದುರೆ ಎಳೆದರೂ ಹಾರದಿದ್ದರೆ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ತೆರೆಯಬೇಕು. ಶಬ್ದ ಕುಗ್ಗಿ ಕೇಳಿದರೆ ವ್ಯಾಡ್ ನಳಿಗೆಯಲ್ಲೇ ಉಳಿದಿರಬಹುದು. ಬಂದೂಕು ಖಾಲಿ ಮಾಡಿ, ನಳಿಗೆಯ ಈ ತುದಿಯಿಂದ ಆ ತುದಿಗೆ ಬೆಳಕು ಕಂಡ ಮೇಲೆಯೇ ಮುಂದಿನ ಮಾತು.

ಕಾಡಿನ ಅಂಚಿನ ರೈತರಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಕೂಡ ಅನ್ವಯಿಸುತ್ತದೆ. 2011ರಲ್ಲಿ ಸುಮಾರು 190 ಚದರ ಕಿ.ಮೀ. ವ್ಯಾಪ್ತಿಯ ಭೀಮಗಡ ಅಭಯಾರಣ್ಯವಾಯಿತು. ಆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಒಳಗೆ ಮತ್ತು ಅದರ ಸುತ್ತ 10 ಕಿ.ಮೀ. ವ್ಯಾಪ್ತಿಯಲ್ಲಿ ವಾಸಿಸುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯ ಹೊಗುವುದನ್ನು 31ನೇ ಸೆಕ್ಷನ್ ನಿಷೇಧಿಸುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಪರವಾನಗಿ ಅಲ್ಲ. ನಿಂತ ಬೆಳೆಗೆ ಕಂಟಕವಾದ ಕಾಡುಹಂದಿಯ ವಿಷಯದಲ್ಲೂ 11ನೇ ಸೆಕ್ಷನ್ನಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು.

ಕೊಳ್ಳುವಾಗ, ತುಂಬುವಾಗ

ಹನ್ನೆರಡು ಬೋರಿನ ಕಾಡತೂಸುಗಳು ನಮ್ಮಲ್ಲಿ ಬಹಳ ಕಾಲದಿಂದ ಬರುತ್ತಿರುವುದು ಪುಣೆಯ ಖಡಕಿಯ ಮದ್ದುಗುಂಡು ಕಾರ್ಖಾನೆಯಿಂದ. 1869ರಲ್ಲಿ ಶುರುವಾದ ಈ ಕಾರ್ಖಾನೆ 2021ರ ಅಕ್ಟೋಬರ್ 1ರಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಭಾಗ. ಯಾರೇ ಮಾಡಿರಲಿ, ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ಮೂರು ಸಂಗತಿ ಓದಿಯೇ ಹಣ ಕೊಡಬೇಕು: ಬೋರು, ಕೇಸಿನ ಉದ್ದ, ಚರೆಯ ತೂಕ. ಚೇಂಬರಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಲೈಸೆನ್ಸ್ ಪುಸ್ತಕದೊಳಗೆ ಇಟ್ಟುಕೊಂಡರೆ ಅಂಗಡಿಯಲ್ಲಿ ನೆನಪಿನ ಮೇಲೆ ಭಾರ ಬೀಳುವುದಿಲ್ಲ. ಬಿಡಿ ಕಾಡತೂಸು, ಪೆಟ್ಟಿಗೆ ಕಳೆದುಹೋದ ಕಾಡತೂಸು, ಯಾರೋ ಮತ್ತೆ ತುಂಬಿದ ಕಾಡತೂಸು ಎಷ್ಟೇ ಅಗ್ಗವಾದರೂ ಬೇಡ.

ತಪ್ಪಿ ಉದ್ದದ ಕಾಡತೂಸು ಮನೆಗೆ ಬಂದಿದ್ದರೆ ಅದರ ತುದಿ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ, ಅದಕ್ಕಾಗಿ ಚೇಂಬರು ಕೊರೆಸುವಂತೆಯೂ ಇಲ್ಲ. ಮೊದಲನೆಯದರಿಂದ ಮಡಿಕೆ ಬಿಚ್ಚಿ ಒಳಗಿನ ಹೊಂದಾಣಿಕೆಯೇ ಕೆಡುತ್ತದೆ. ಎರಡನೆಯದರಿಂದ ನಳಿಗೆಯ ಗೋಡೆ ಒತ್ತಡ ಹೆಚ್ಚಿರುವ ಜಾಗದಲ್ಲೇ ತೆಳುವಾಗುತ್ತದೆ, ಹಳೆಯ ಪ್ರೂಫ್ ಮುದ್ರೆಗೂ ಬೆಲೆ ಉಳಿಯುವುದಿಲ್ಲ. ಲೈಸೆನ್ಸ್ ಇರುವ ಅಂಗಡಿಗೆ ಮರಳಿಸುವುದೊಂದೇ ದಾರಿ.

ಹಿರಿಯರು ತೀರಿಕೊಂಡು ಬಂದೂಕು ವಾರಸುದಾರರಿಗೆ ಬರುವಾಗ ಹೊಸ ಲೈಸೆನ್ಸ್ ಆಗುವವರೆಗೆ ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಬೇಕಾಗುತ್ತದೆ. ಚೇಂಬರು ಅಳೆಸಲು, ನಳಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಬಂದೂಕಿನ ಜೊತೆಗೆ ಬಂದ ಹಳೆಯ ಕಾಡತೂಸುಗಳನ್ನು ಆಗಲೇ ಒಪ್ಪಿಸಿ, ಚೇಂಬರಿನ ಅಳತೆಗೆ ಹೊಂದುವ ಹೊಸ ಪೆಟ್ಟಿಗೆಯೊಂದಿಗೇ ಬಳಕೆ ಶುರುಮಾಡಬೇಕು.